ಕುಸುರಿ ಮರಗೆಲಸವೂ ಉಪ್ಪುಕಾಗದವೂ

ನಮ್ಮ ಬಡಗಿಗಳು ಉಪ್ಪುಕಾಗದವೆಂದು ಕರೆಯುವ ವಸ್ತುವಿನಲ್ಲಿ ಉಪ್ಪಿನ ಒಂದು ಹರಳೂ ಇಲ್ಲ. ಆಂಗ್ಲೇಯರು ಅದನ್ನೇ ಮರಳುಕಾಗದವೆನ್ನುತ್ತಾರೆ. ಈಗ ಅಂಗಡಿಯಲ್ಲಿ ದೊರೆಯುವ ಹಾಳೆಗಳಲ್ಲಿ ಮರಳೂ ಇಲ್ಲ. ಎರಡು ಭಾಷೆಗಳಲ್ಲಿಯೂ ಸಲ್ಲದ ಹೆಸರನ್ನು ಹೊತ್ತಿರುವ ಈ ಒರಟು ಹಾಳೆಗೆ ಒಂದು ಚರಿತ್ರೆಯುಂಟೆಂದರೆ ಕೇಳುವವರು ನಗಬಹುದು. ರಾಜರ ಚರಿತ್ರೆಯನ್ನು ಬರೆದಿದ್ದೇವೆ, ಅರಮನೆಗಳ ಚರಿತ್ರೆಯನ್ನು ಬರೆದಿದ್ದೇವೆ, ಅರಮನೆಯ ಬಾಗಿಲನ್ನು ಕೆತ್ತಿದವನ ಹೆಸರನ್ನಾದರೂ ಅಪರೂಪಕ್ಕೊಮ್ಮೆ ಹುಡುಕಿದ್ದೇವೆ. ಆ ಬಾಗಿಲನ್ನು ಕೆತ್ತಿದ ಮೇಲೆ ಕುಳಿತು ಉಜ್ಜಿದವರು ಯಾರು, ಯಾವುದರಿಂದ ಉಜ್ಜಿದರು, ಎಷ್ಟು ಉಜ್ಜಿ ಎಲ್ಲಿ ನಿಲ್ಲಿಸಿದರು ಎಂಬುದನ್ನು ಕೇಳಿದವರು ಕಡಿಮೆ. ಉಜ್ಜುವ ಕೆಲಸದ ಸ್ವಭಾವವೇ ಅಂತಹುದು. ಅದು ಚೆನ್ನಾಗಿ ನಡೆದಿದ್ದರೆ ನಡೆದ ಗುರುತೇ ಇರುವುದಿಲ್ಲ. ಗುರುತು ಕಂಡರೆ ಕೆಲಸ ಕೆಟ್ಟಿತೆಂದೇ ಅರ್ಥ.

ಮರಗೆಲಸದಲ್ಲೆಲ್ಲ ಉಜ್ಜುವುದು ಅತ್ಯಂತ ಕಷ್ಟವಾಗುವುದು ಸಣ್ಣಗರಗಸದಿಂದ ಕೊರೆದ ಕುಸುರಿಯಲ್ಲಿ. ಆಂಗ್ಲೇಯರು ಫ್ರೆಟ್ ಗರಗಸವೆನ್ನುವ ಈ ಉಪಕರಣವನ್ನು ಬಿಲ್ಲಿಗೆ ಹೋಲಿಸಬಹುದು. ಬಾಗಿದ ಕಬ್ಬಿಣದ ಚೌಕಟ್ಟು, ಅದರ ಎರಡು ತುದಿಗಳ ನಡುವೆ ಹೆದೆಯಂತೆ ಬಿಗಿದ, ದಪ್ಪ ದಾರದಷ್ಟೇ ಅಗಲವಾದ ಹಲ್ಲಿನ ಅಲಗು. ಹಲಗೆಯಲ್ಲಿ ಒಂದು ಸಣ್ಣ ರಂಧ್ರವನ್ನು ಕೊರೆದು, ಅಲಗನ್ನು ಅದರೊಳಗೆ ತೂರಿಸಿ, ಬಿಗಿದು, ಬಳ್ಳಿಯ ಸುರುಳಿ ಹೋದ ಕಡೆಗೆಲ್ಲ ಕೊರೆಯುತ್ತ ಹೋಗಬಹುದು. ಜರ್ಮನರು ಇದನ್ನು ಎಲೆಗರಗಸವೆಂದು ಕರೆಯುವುದು ನಮಗೆ ಬಹಳ ಹಿಡಿಸಿದೆ. ಎಲೆಬಳ್ಳಿಗಳನ್ನು ಕೊರೆಯುವುದಕ್ಕೆಂದೇ ಹುಟ್ಟಿದ ಗರಗಸವದು.

ಕೊರೆದು ಮುಗಿಸಿದ ತುಂಡನ್ನು ಕೈಗೆತ್ತಿಕೊಂಡರೆ ತೊಂದರೆಯು ಕಾಣುತ್ತದೆ. ಅಲಗು ಕೆಳಗೆ ಹೊರಬಂದ ಮಗ್ಗುಲಿನಲ್ಲಿ ನಾರುಗಳು ಕಿತ್ತು ತುಪ್ಪಳದಂತೆ ಎದ್ದಿರುತ್ತವೆ. ಅವನ್ನು ತೆಗೆಯಲೇಬೇಕು. ಆದರೆ ಬಳ್ಳಿಯ ಕುಡಿಯು ಮರದ ಎಳೆಗೆ ಅಡ್ಡಲಾಗಿ ತಿರುಗಿದ ಕಡೆ ಅಲ್ಲಿರುವ ನಾರುಗಳ ಉದ್ದ ಒಂದು ಅಕ್ಕಿಕಾಳಿನಷ್ಟೂ ಇರಲಾರದು. ಹಿಡಿತವಿಲ್ಲದ ಆ ಕುಡಿಯು ಕಾಗದದ ಅಂಚು ಸಿಕ್ಕಿಕೊಂಡೊಡನೆ ಮುರಿಯುತ್ತದೆ. ಮುರಿಯದಂತೆ ಮೆಲ್ಲಗೆ ಉಜ್ಜಿದರೆ ಬೇರೊಂದು ಕೇಡು: ಬೆರಳು ಮೆತ್ತಗಿರುವುದರಿಂದ ಕಾಗದವು ಅಂಚುಗಳ ಮೇಲೆ ಬಾಗಿ, ಗರಗಸವು ಕೊಟ್ಟ ಚೂಪಾದ ಏಣನ್ನು ಸವೆಸಿ, ಕುಸುರಿಯನ್ನೆಲ್ಲ ಚೀಪಿದ ಬೆಲ್ಲದಚ್ಚಿನಂತೆ ದುಂಡಗೆ ಮಾಡಿಬಿಡುತ್ತದೆ. ಆದುದರಿಂದಲೇ ಬಲ್ಲವರು ಹಲಗೆಯ ಮುಖವನ್ನು ಕೊರೆಯುವುದಕ್ಕೆ ಮೊದಲೇ ನಯಮಾಡಿಕೊಳ್ಳುತ್ತಾರೆ. ಕೊರೆದ ಮೇಲೆ ಉಳಿಯುವ ಅಲ್ಪಸ್ವಲ್ಪಕ್ಕೆ ಕಾಗದವನ್ನು ಸಪಾಟಾದ ಮರದ ತುಂಡಿಗೆ ಸುತ್ತಿ, ಕೆಲಸವನ್ನು ಸಮನಾದ ಹಲಗೆಯ ಮೇಲಿಟ್ಟು, ಎಳೆಯುದ್ದಕ್ಕೆ ಮಾತ್ರ ಒಂದೆರಡು ಸಾರಿ ಹಾಯಿಸುತ್ತಾರೆ. ರಂಧ್ರಗಳ ಒಳಮೈಗೆ ಬಿದಿರುಕಡ್ಡಿಗೆ ಸುತ್ತಿದ ಕಾಗದ, ಇಲ್ಲವೆ ದಾರದಂತೆ ಸೀಳಿದ ಕಾಗದದ ಪಟ್ಟಿ.

ಕಾಗದವೇ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಕುಸುರಿ ಕೆಲಸವು ಕಾಗದಕ್ಕಿಂತ ಬಹಳ ಹಳೆಯದು. ಚೀನ ದೇಶದಲ್ಲಿ 13ನೆಯ ಶತಮಾನದಲ್ಲಿಯೇ ಚಿಪ್ಪಿನ ಪುಡಿಯನ್ನೂ ಮರಳನ್ನೂ ಅಂಟಿನಿಂದ ಹಾಳೆಗೆ ಹತ್ತಿಸುತ್ತಿದ್ದರೆಂದು ಹೇಳುವುದುಂಟು. ಆದರೆ ಪ್ರಪಂಚದ ಬಹುಭಾಗದಲ್ಲಿ ಈ ಕೆಲಸವನ್ನು ಮಾಡಿದವು ಎಲೆ, ಹುಲ್ಲು ಮತ್ತು ಮೀನಿನ ಚರ್ಮ. ನಮ್ಮ ಮಲೆನಾಡಿನಲ್ಲಿ ಗರಗತ್ತಿ ಎಂಬ ಮರವುಂಟು. ಅತ್ತಿಯ ಜಾತಿಗೆ ಸೇರಿದುದು. ಅದರ ಎಲೆಯ ಮೇಲೆ ಬೆರಳಾಡಿಸಿದರೆ ಹೆಸರಿನ ಸದ್ದೇ ಬೆರಳಿಗೆ ತಾಕಿದಂತಾಗುತ್ತದೆ. ಮರವನ್ನೂ ದಂತವನ್ನೂ ಕೊಂಬನ್ನೂ ನಯಮಾಡಲು ಆ ಎಲೆಯನ್ನು ನಮ್ಮ ಕಡೆ ಬಹುಕಾಲದಿಂದ ಬಳಸಿದ್ದಾರೆ. ಜಪಾನಿನಲ್ಲಿ ಮುಕು ಎಂಬ ಮರದ ಎಲೆಗೆ ಇದೇ ಉದ್ಯೋಗ. ಅಲ್ಲಿಯೂ ಯೂರೋಪಿನಲ್ಲಿಯೂ ಬಳಕೆಯಲ್ಲಿದ್ದ ಇನ್ನೊಂದು ವಸ್ತುವೆಂದರೆ ಜೌಗುನೆಲದಲ್ಲಿ ಬೆಳೆಯುವ, ಗಿಣ್ಣುಗಿಣ್ಣಾದ, ಎಲೆಯೇ ಇಲ್ಲದಂತೆ ಕಾಣುವ ಒಂದು ಗಿಡ. ಕುದುರೆಬಾಲವೆಂದು ಅದನ್ನು ಕರೆಯುತ್ತಾರೆ. ನೆಲದಲ್ಲಿರುವ ಸಿಲಿಕವನ್ನು ಹೀರಿ ತನ್ನ ಕಾಂಡದ ಮೇಲೆ ಸಾಲುಸಾಲಾದ ಏಣುಗಳಾಗಿ ತುಂಬಿಕೊಳ್ಳುವ ಗಿಡ ಅದು. ಗಾಜಾಗಲಿ ಮರಳಾಗಲಿ ಸಿಲಿಕವೇ ಆದುದರಿಂದ, ಗಾಜುಕಾಗದವನ್ನು ಮನುಷ್ಯನಿಗಿಂತ ಮೊದಲು ಕೆರೆಯಂಚಿನ ಹುಲ್ಲೇ ತಯಾರಿಸಿತೆನ್ನಲು ಅಡ್ಡಿಯಿಲ್ಲ. ಹಾಲೆಂಡಿನಿಂದ ಅದನ್ನು ತರಿಸುತ್ತಿದ್ದುದರಿಂದ ಇಂಗ್ಲೆಂಡಿನ ಬಡಗಿಗಳು ಅದಕ್ಕೆ ಡಚ್ಚರ ಜೊಂಡು ಎಂದು ಹೆಸರಿಟ್ಟರು.

ಈ ವಿಷಯದಲ್ಲಿ ನಮಗೆ ದೊರೆಯುವ ಸಾಕ್ಷಿಗಳಲ್ಲಿ ಬಹು ಒಳ್ಳೆಯವನು ಪ್ಯಾರಿಸಿನ ಆಂದ್ರೆ-ಜೇಕಬ್ ರೂಬೊ. ಅವನು ಪಂಡಿತನಲ್ಲ, ಕಸುಬಿನಿಂದ ಬಡಗಿ, ಬಡಗಿಯ ಮಗ. ಅವನು ಬರೆದ ಬಡಗಿಯ ಕಲೆಯನ್ನು ಕುರಿತ ದೊಡ್ಡ ಗ್ರಂಥವು 1769ರಿಂದ ಭಾಗಭಾಗವಾಗಿ ಹೊರಬಂದಿತು. ಕುಸುರಿಯನ್ನು ಕುರಿತ ಭಾಗವು 1774ರದು. ಕೆರೆಯುವ ಉಕ್ಕಿನ ತಗಡು, ಒಣಗಿದ ಶಾರ್ಕು ಮೀನಿನ ಚರ್ಮ, ಕುದುರೆಬಾಲದ ಕಾಂಡ, ಕೊನೆಗೆ ಜೇನುಮೇಣದೊಡನೆ ತಿಕ್ಕಲು ಬಿಗಿಯಾಗಿ ಕಟ್ಟಿದ ಜೊಂಡಿನ ಕಂತೆ, ಇವೆಲ್ಲವೂ ಅದರಲ್ಲಿ ಬರುತ್ತವೆ. ಶಾರ್ಕಿನ ಚರ್ಮದ ಮೇಲಿರುವ ಹುರುಪೆಗಳು ಹಲ್ಲಿನಂತೆಯೇ ರಚಿತವಾದವು. ಆದುದರಿಂದ ಅಂದಿನ ಬಡಗಿಯು ಮರವನ್ನು ಸಾವಿರಾರು ಸಣ್ಣ ಹಲ್ಲುಗಳಿಂದ ಕಡಿಸುತ್ತಿದ್ದನೆಂದು ಹೇಳಬಹುದು. ಒಂದೊಂದು ವಸ್ತುವೂ ಹಿಂದಿನದು ಬಿಟ್ಟ ಗೀರುಗಳನ್ನು ಅಳಿಸಿ ಅದಕ್ಕಿಂತ ಸಣ್ಣ ಗೀರುಗಳನ್ನು ಬಿಡುತ್ತದೆ. ನಯವೆಂದು ನಾವು ಕರೆಯುವುದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಗೀರುಗಳನ್ನು. ಬೇರೆ ನಯವೆಂಬುದು ಪ್ರಪಂಚದಲ್ಲಿಲ್ಲ.

ರೂಬೊ ಬರೆಯುವುದಕ್ಕೆ ನೂರು ವರ್ಷ ಮೊದಲು ಫ್ರಾನ್ಸಿನಲ್ಲಿ ಈ ಕಲೆಯು ಉನ್ನತಿಗೇರಿತ್ತು. ಹದಿನಾಲ್ಕನೆಯ ಲೂಯಿಯು 1672ರಲ್ಲಿ ಆಂದ್ರೆ-ಷಾರ್ಲ್ ಬೂಲ್ ಎಂಬವನನ್ನು ಅರಮನೆಯ ಕುಸುರಿಗಾರನನ್ನಾಗಿ ಮಾಡಿಕೊಂಡು ಲೂವ್ರ್ ಅರಮನೆಯಲ್ಲಿಯೇ ಅವನಿಗೆ ಬಿಡಾರವನ್ನು ಕೊಟ್ಟನು. ಬೂಲನ ಹೆಸರಿನಿಂದ ಪ್ರಸಿದ್ಧವಾದ ಪದ್ಧತಿಯು ಬಹಳ ಜಾಣತನದ್ದು. ಹಿತ್ತಾಳೆಯ ತಗಡನ್ನೂ ಆಮೆಯ ಚಿಪ್ಪನ್ನೂ ಒಂದರ ಮೇಲೊಂದಿಟ್ಟು, ಬಿಗಿದು, ಮೇಲೆ ಚಿತ್ರದ ಕಾಗದವನ್ನಂಟಿಸಿ, ಎರಡನ್ನೂ ಒಂದೇ ಅಲಗಿನಿಂದ ಕೊರೆಯುವುದು. ಚಿಪ್ಪಿನಲ್ಲಿ ಹಿತ್ತಾಳೆಯ ಬಳ್ಳಿ ಒಂದು, ಹಿತ್ತಾಳೆಯಲ್ಲಿ ಚಿಪ್ಪಿನ ಬಳ್ಳಿ ಇನ್ನೊಂದು, ಹೀಗೆ ಒಂದೇ ಕೊರೆತದಿಂದ ಎರಡು ಚಿತ್ರಗಳು. ಇವುಗಳನ್ನು ಸರೇಸಿನಿಂದ ಪೆಟ್ಟಿಗೆಯ ಮೈಗೆ ಅಂಟಿಸಿ, ಮೇಲ್ಮೈಯನ್ನು ಸಮಮಾಡಿದ ಮೇಲೆ ನಿಜವಾದ ಜೀವವನ್ನು ತುಂಬುತ್ತಿದ್ದವನು ಉಳಿಗಾರ. ಎಲೆಯ ನರ, ಹಕ್ಕಿಯ ರೆಕ್ಕೆ, ಮುಖದ ನೆರಳು, ಇವೆಲ್ಲವನ್ನೂ ಹಿತ್ತಾಳೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳಾಗಿ ಕೊರೆದು ಕಪ್ಪನ್ನು ತುಂಬುತ್ತಿದ್ದನು. ಗರಗಸವು ಕೊಟ್ಟಿದ್ದು ಆಕಾರ; ಗೆರೆಯು ಕೊಟ್ಟಿದ್ದು ಪ್ರಾಣ. ಆ ಪ್ರಾಣವು ನಿಂತಿದ್ದುದು ಲೋಹದ ಮೇಲ್ಪದರದಲ್ಲಿ ಮಾತ್ರ.

ಮರದ ಕುಸುರಿಯಲ್ಲಿಯೂ ಇದೇ ಕಥೆ. 1760ರಲ್ಲಿ ಅಬೆನ್ ಎಂಬ ಕುಸುರಿಗಾರನು ಹದಿನೈದನೆಯ ಲೂಯಿಗಾಗಿ ಒಂದು ಬರೆಯುವ ಮೇಜನ್ನು ಆರಂಭಿಸಿದನು. ಅವನು 1763ರಲ್ಲಿ ತೀರಿಕೊಂಡ ಮೇಲೆ ಅವನ ಶಿಷ್ಯ ರೀಸ್ನರ್ 1769ರಲ್ಲಿ ಅದನ್ನು ಮುಗಿಸಿದನು. ಇಬ್ಬರೂ ಜರ್ಮನ್ ನೆಲದಿಂದ ಪ್ಯಾರಿಸಿಗೆ ಬಂದವರು. ಆ ಕಾಲದ ಕುಸುರಿಯು ನಾವು ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣುವಂತೆ ಜೇನುಬಣ್ಣದ್ದಾಗಿರಲಿಲ್ಲ. ಎಲೆಗಳಿಗೆ ಹಸುರನ್ನೂ ಹೂಗಳಿಗೆ ಕೆಂಪು ನೀಲಿಗಳನ್ನೂ ಹಾಕಿ, ಬಿಸಿ ಮರಳಿನಲ್ಲಿ ಅಂಚುಗಳನ್ನು ಕಂದಿಸಿ ನೆರಳನ್ನು ಮೂಡಿಸುತ್ತಿದ್ದರು. ಬೆಳಕು ಅದರಲ್ಲಿ ಸ್ವಲ್ಪವನ್ನು ತಿಂದಿತು. ಉಳಿದುದರಲ್ಲಿ ಬಹಳ ಭಾಗವನ್ನು ತಿಂದುದು ಉಜ್ಜುವ ಕೈ. ಮುಂದಿನ ತಲೆಮಾರುಗಳಲ್ಲಿ ಮೇಜು ಮಂಕಾಯಿತೆಂದು ಕಂಡಾಗಲೆಲ್ಲ ದುರಸ್ತಿಗಾರನನ್ನು ಕರೆಸಿದರು. ಅವನು ಕೆರೆದು ಉಜ್ಜಿ ಹೊಳಪುಕೊಟ್ಟು ಹೋದನು. ಒಂದೊಂದು ಸಾರಿಯೂ ಹಳೆಯ ಮೆರುಗಿನೊಡನೆ ಬಣ್ಣದ ಒಂದು ಪದರ, ಗೆರೆಗಳ ಒಂದು ಪದರ ಧೂಳಾಗಿ ಹೋಯಿತು. ಕೈಗರಗಸದಿಂದ ಸೀಳಿದ ಅಂದಿನ ತೆಳುಹಲಗೆಯು ಸುಮಾರು ಎರಡು ಮಿಲಿಮೀಟರು ದಪ್ಪವಿದ್ದುದರಿಂದ ಇಷ್ಟಾದರೂ ಉಳಿದಿದೆ. ಇಂದು ಯಂತ್ರವು ಹೆರೆದುಕೊಡುವ ಪದರವು ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಅಂತಹ ಸೋಗನ್ನು ಒಬ್ಬ ಉತ್ಸಾಹಿಯು ಒಂದು ಮಧ್ಯಾಹ್ನದಲ್ಲಿ ತೂತುಮಾಡಬಲ್ಲನು.

ಕ್ರಾಂತಿಯ ಕಾಲದ ಒಂದು ಸಂಗತಿಯನ್ನು ಇಲ್ಲಿ ಹೇಳದಿರಲಾರೆವು. 1794ರಲ್ಲಿ ರಾಜಚಿಹ್ನೆಗಳನ್ನೆಲ್ಲ ಪೀಠೋಪಕರಣಗಳಿಂದ ತೆಗೆಯಬೇಕೆಂದು ಹೊಸ ಸರಕಾರವು ಆಜ್ಞೆಮಾಡಿತು. ತೆಗೆಯುವ ಕೆಲಸಕ್ಕೆ ಅವರು ನೇಮಿಸಿಕೊಂಡದ್ದು ರೀಸ್ನರನನ್ನೇ. ತನ್ನ ಕೈಯಿಂದ ಕೂರಿಸಿದ ಕಿರೀಟಗಳನ್ನೂ ಅಕ್ಷರಗಳನ್ನೂ ಅವನು ಅರುವತ್ತನೆಯ ವಯಸ್ಸಿನಲ್ಲಿ ತನ್ನ ಕೈಯಿಂದಲೇ ಕಿತ್ತುಹಾಕಬೇಕಾಯಿತು. ಅವನಿಗಾದರೂ ತಾನು ಏನನ್ನು ಅಳಿಸುತ್ತಿದ್ದೇನೆಂಬುದು ಗೊತ್ತಿತ್ತು.

ಕಾಗದವು ಬಂದುದು 19ನೆಯ ಶತಮಾನದಲ್ಲಿ. ಲಂಡನ್ನಿನಲ್ಲಿ ಜಾನ್ ಓಕಿ ಎಂಬವನು 1833ರಲ್ಲಿ ಗಾಜಿನ ಪುಡಿಯನ್ನು ಸರೇಸಿನಿಂದ ಕಾಗದಕ್ಕೆ ಹತ್ತಿಸಿ ಮಾರಾಟಕ್ಕೆ ತಂದನು. ಮರುವರ್ಷ, 1834ರಲ್ಲಿ, ಅಮೆರಿಕದ ವರ್ಮಾಂಟ್ ಸಂಸ್ಥಾನದ ಐಸಾಕ್ ಫಿಷರನಿಗೆ ಇದೇ ತರದ ಕಾಗದಕ್ಕಾಗಿ ಪೇಟೆಂಟುಗಳು ದೊರೆತವು. ಗಾಜಿನ ಪುಡಿಯು ಕಣ್ಣಿಗೆ ಉಪ್ಪಿನಂತೆಯೇ ಕಾಣುವುದರಿಂದ ನಮ್ಮ ಬಡಗಿಗಳು ಅದಕ್ಕೆ ಉಪ್ಪುಕಾಗದವೆಂದು ಹೆಸರಿಟ್ಟಿರಬೇಕೆಂದು ನಮ್ಮ ಊಹೆ. ಇದರಿಂದ ಆದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಎಲೆಯು ಒಂದೊಂದು ಮರದಲ್ಲಿ ಒಂದೊಂದು ತರವಾಗಿರುತ್ತದೆ; ಕಾಗದದ ಪುಡಿಯನ್ನು ಜರಡಿ ಹಿಡಿಯಬಹುದು. ಹಾಳೆಯ ಬೆನ್ನಿನ ಮೇಲೆ ಕಾಣುವ 120, 220 ಎಂಬ ಅಂಕಿಗಳು ಈ ಜರಡಿಯ ಲೆಕ್ಕದಿಂದಲೇ ಬಂದವು. ಒಂದು ಅಂಗುಲದುದ್ದಕ್ಕೆ ಕಣ್ಣುಗಳು ಹೆಚ್ಚಿದಷ್ಟೂ ಪುಡಿಯು ಸಣ್ಣದು. ಕೊರತೆಯೂ ಉಂಟು. ಸರೇಸು ನೀರಿಗೆ ಕರಗುವ ವಸ್ತು. ನಮ್ಮ ಆಷಾಢದ ತೇವದಲ್ಲಿ ಅಂತಹ ಕಾಗದವು ಮೆತ್ತಗಾಗಿ, ಮರವು ಸವೆಯುವುದಕ್ಕೆ ಬದಲು ಕಾಗದವೇ ಸವೆಯುತ್ತದೆ.

ಕಾಗದವು ಅಗ್ಗವಾದೊಡನೆ ಕುಸುರಿಯು ಕಾರ್ಖಾನೆಯಿಂದ ಮನೆಯ ನಡುಮನೆಗೆ ಬಂದಿತು. ಇಟಲಿಯ ಸೊರೆಂಟೊ ಊರಿನ ಕೂಡಿಸುಕೆಲಸದ ಹೆಸರನ್ನು ಹೊತ್ತ ಒಂದು ಗೀಳು ಅಮೆರಿಕದಲ್ಲಿ ಹಬ್ಬಿತು. 1876ರಲ್ಲಿ ಷಿಕಾಗೋದಿಂದ ಹವ್ಯಾಸಿಗಳಿಗಾಗಿ ಆರ್ಥರ್ ಹೋಪ್ ಎಂಬವನ ಕೈಪಿಡಿಯು ಹೊರಟಿತು. ಇಂಗ್ಲೆಂಡಿನ ನಾರ್ಫೋಕಿನಿಂದ ಹಾಬೀಸ್ ಎಂಬ ವಾರಪತ್ರಿಕೆಯು 1895ರಲ್ಲಿ ಆರಂಭವಾಗಿ ಕುಸುರಿಯ ನಕ್ಷೆಗಳನ್ನು ಮನೆಮನೆಗೆ ಕಳುಹಿಸಿತು. ಹೊಲಿಗೆಯಂತ್ರದಂತೆ ಕಾಲಿನಿಂದ ತುಳಿಯುವ ಗರಗಸದ ಮುಂದೆ ಕುಳಿತು ಗುಮಾಸ್ತರೂ ಪಾದ್ರಿಗಳೂ ಫೋಟೋ ಚೌಕಟ್ಟುಗಳನ್ನು ಕೊರೆದರು. ಅವುಗಳಲ್ಲಿ ಹೆಚ್ಚಿನವು ನೋಡುವುದಕ್ಕೆ ಚೆನ್ನಾಗಿಲ್ಲವೆಂದು ನಮ್ಮ ಅಭಿಪ್ರಾಯ. ಆದರೆ ಕೊರೆಯುವವನೂ ಉಜ್ಜುವವನೂ ಒಬ್ಬನೇ ಆದುದು ಸಾಮಾನ್ಯ ಸಂಗತಿಯಲ್ಲ.

ಮುಂದಿನ ಕಥೆಯಲ್ಲಿ ನಮ್ಮ ದೇಶದ ಪಾಲೂ ಸ್ವಲ್ಪ ಉಂಟು. ನಮ್ಮ ಸಾಣೆಗಳಲ್ಲಿ ಅರಗಿನೊಡನೆ ಬೆರೆಸುತ್ತಿದ್ದ ಕುರುಂದದ ಕಲ್ಲು ವಜ್ರವೊಂದನ್ನು ಬಿಟ್ಟರೆ ಸಹಜವಾದ ಖನಿಜಗಳಲ್ಲೆಲ್ಲ ಗಟ್ಟಿಯಾದುದು. ಆ ದ್ರಾವಿಡ ಶಬ್ದವೇ ಪಾಶ್ಚಾತ್ಯರ ನಾಲಗೆಯಲ್ಲಿ ಕೊರಂಡಂ ಆಯಿತು. 1891ರಲ್ಲಿ ಎಡ್ವರ್ಡ್ ಅಚೆಸನ್ ಎಂಬ ಅಮೆರಿಕದವನು ವಿದ್ಯುತ್ ಕುಲುಮೆಯಲ್ಲಿ ಹೊಸದೊಂದು ಹರಳನ್ನು ಪಡೆದು, ಇದು ಇಂಗಾಲವೂ ಕೊರಂಡಮೂ ಕೂಡಿದುದಿರಬೇಕೆಂದು ತಪ್ಪಾಗಿ ತಿಳಿದು ಕಾರ್ಬೊರಂಡಂ ಎಂದು ಹೆಸರಿಟ್ಟನು. 1902ರಲ್ಲಿ ಮಿನೆಸೋಟದ ಐವರು ಕೊರಂಡಂ ಅಗೆಯಲೆಂದು ಒಂದು ಕಂಪನಿಯನ್ನು ಕಟ್ಟಿದರು. ಅಗೆದ ಕಲ್ಲು ಕೊರಂಡಮೇ ಅಲ್ಲವೆಂದು ತಿಳಿದ ಮೇಲೆ ಬೇರೆ ದಾರಿ ಕಾಣದೆ ಮರಳುಕಾಗದದ ತಯಾರಿಕೆಗೆ ಇಳಿದರು. ಪ್ರಪಂಚಪ್ರಸಿದ್ಧವಾದ ತ್ರೀಎಂ ಕಂಪನಿಯು ಹುಟ್ಟಿದ್ದು ಹೀಗೆ. ಅದೇ ಕಂಪನಿಯು 1921ರಲ್ಲಿ ಮಾರಾಟಕ್ಕೆ ತಂದ, ನೀರಿನೊಡನೆಯೂ ಉಜ್ಜಬಹುದಾದ ಕಾಗದದಿಂದ ಮಳೆಗಾಲದ ತೊಂದರೆಯು ತೀರಿತು.

ಮೈಸೂರಿಗೆ ಬರೋಣ. 1897ರಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಹೆನ್ರಿ ಅರ್ವಿನ್ ರಚಿಸಿದ ನಕ್ಷೆಯಂತೆ ಎದ್ದ ಹೊಸ ಅರಮನೆಯು 1912ರಲ್ಲಿ ಪೂರ್ಣವಾಯಿತು. ಅದರ ಅಂಬಾವಿಲಾಸದ ಬೀಟೆಯ ಬಾಗಿಲುಗಳಲ್ಲಿ ಕೂರಿಸಿದ ದಂತದ ಕೆಲಸವನ್ನು ನೋಡದವರು ನಮ್ಮಲ್ಲಿ ವಿರಳ. ಇಲ್ಲಿಯ ಪದ್ಧತಿಯು ಬೂಲನದಕ್ಕಿಂತ ಬೇರೆ. ಆಕಾರಗಳನ್ನು ಸಣ್ಣಗರಗಸದಿಂದ ಬಿಡಿಬಿಡಿಯಾಗಿ ಕೊರೆದು, ಬೀಟೆಯ ಹಲಗೆಯಲ್ಲಿ ಅವುಗಳ ಸುತ್ತಳತೆಗೆ ಸರಿಯಾಗಿ ಹಳ್ಳವನ್ನು ತೋಡಿ, ಅಂಟಿನಿಂದ ಕೂರಿಸುತ್ತಾರೆ. ಆಮೇಲೆ ಉಜ್ಜುವುದು, ಉಜ್ಜಿದ ಮೇಲೆ ಕಣ್ಣು, ಮಡಿಕೆ, ಆಭರಣಗಳ ಗೆರೆಗಳನ್ನು ಕೊರೆದು ಕಪ್ಪು ತುಂಬುವುದು, ಕೊನೆಗೆ ಮೆರುಗು. ಉಜ್ಜುವಾಗ ಇಲ್ಲಿ ವಿಶೇಷವಾದ ಒಂದು ಅಪಾಯ. ಬೀಟೆಯ ಪುಡಿಯು ಕಪ್ಪುಗೆಂಪು, ಎಣ್ಣೆಯ ಅಂಶವುಳ್ಳದ್ದು. ಕೂರಿಸಿದ ಬಿಳಿಯ ಮರದ ಸೂಕ್ಷ್ಮರಂಧ್ರಗಳಿಗೆ ಅದು ಹೊಕ್ಕಿತೆಂದರೆ ಬಿಳಿಯ ಕೊಕ್ಕರೆಯು ಬೂದುಬಣ್ಣಕ್ಕೆ ತಿರುಗುತ್ತದೆ. ಎರಡೆರಡು ಉಜ್ಜಿಗೆ ಒಂದು ಸಾರಿ ಪುಡಿಯನ್ನು ಊದಿ, ಬ್ರಷ್ಷಿನಿಂದ ಗುಡಿಸಿ, ಮುಚ್ಚಿಹೋದ ಕಾಗದವನ್ನು ಬದಲಿಸುತ್ತಿರಬೇಕು. ದಂತಕ್ಕೆ ಈ ಭಯವು ಕಡಿಮೆಯಿತ್ತು. ಆದರೆ 1986ರ ತಿದ್ದುಪಡಿಯಿಂದ ನಮ್ಮ ದೇಶದ ಆನೆಯ ದಂತದ ವ್ಯಾಪಾರವೂ 1991ರ ತಿದ್ದುಪಡಿಯಿಂದ ಆಫ್ರಿಕದ ದಂತದ ವ್ಯಾಪಾರವೂ ನಿಂತವು. ಅದು ಆಗಬೇಕಾದುದೇ ಸರಿ. ಅಲ್ಲಿಂದೀಚೆಗೆ ಬಿಳಿಯ ಮರವೂ ಪ್ಲಾಸ್ಟಿಕ್ಕೂ ಆ ಸ್ಥಾನಕ್ಕೆ ಬಂದಿವೆ. ಆದುದರಿಂದ ಹಳೆಯ ಮನೆಗಳಲ್ಲಿ ಉಳಿದಿರುವ ದಂತದ ಗೆರೆಗಳು ಅಳಿಸಿದರೆ ತುಂಡನ್ನು ಬದಲಾಯಿಸುವ ಮಾತೇ ಇಲ್ಲ.

ನಮ್ಮ ಮನೆಯಲ್ಲಿ ತಾತಂದಿರ ಕಾಲದ ಒಂದು ಬೀಟೆಯ ಟೀಪಾಯಿ ಇತ್ತು, ಇದೆ. ನಡುವೆ ಅಂಬಾರಿಯ ಆನೆ, ಸುತ್ತ ಬಳ್ಳಿ. ಕಾಫಿಯ ಲೋಟಗಳ ಕಲೆ ನಿಂತು ಮಂಕಾಗಿದೆಯೆಂದು ಕೆಲವು ವರ್ಷಗಳ ಕೆಳಗೆ ಒಬ್ಬ ಪಾಲಿಶ್ ಕೆಲಸದವರನ್ನು ಕರೆಸಿದೆವು. ಅವರು ವಿದ್ಯುತ್ತಿನಿಂದ ತಿರುಗುವ ಉಜ್ಜುಯಂತ್ರವನ್ನು ತಂದು ಕಾಲುಗಂಟೆಯಲ್ಲಿ ಕೆಲಸವನ್ನು ಮುಗಿಸಿದರು. ಟೀಪಾಯಿಯು ಕನ್ನಡಿಯಂತೆ ಹೊಳೆಯಿತು. ನಾವೂ ಮೆಚ್ಚಿ ಹಣವನ್ನು ಕೊಟ್ಟು ಕಳುಹಿಸಿದೆವು. ಸಂಜೆ ಕಾಲೇಜಿನಿಂದ ಬಂದ ಮಗಳು ನೋಡಿ, “ಅಪ್ಪ, ಆನೆಗೆ ಕಣ್ಣೇ ಇಲ್ಲವಲ್ಲ” ಎಂದಳು. ಕಣ್ಣು ಮಾತ್ರವಲ್ಲ, ಸೊಂಡಿಲಿನ ಸುಕ್ಕು, ಕಿವಿಯ ನರ, ಜೂಲಿನ ಹೂ, ಮಾವುತನ ಮೂಗು, ಏನೂ ಇರಲಿಲ್ಲ. ಆನೆಯ ಆಕಾರದ ಒಂದು ಬಿಳಿಯ ಮಚ್ಚೆ ಉಳಿದಿತ್ತು. ಬಿಳಿಯ ಧೂಳನ್ನು ಆಗಲೇ ಗುಡಿಸಿ ಚೆಲ್ಲಿಯಾಗಿತ್ತು. ತಪ್ಪು ಆ ಕೆಲಸದವರದಲ್ಲ. ಮಂಕನ್ನು ತೆಗೆಯಿರಿ ಎಂದು ಹೇಳಿದವರು ನಾವು.

ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸ ಮಾಡುವ ಹಿರಿಯ ಸಾಹೇಬರೊಬ್ಬರ ಬಳಿಗೆ ಅದನ್ನು ಹೊತ್ತುಕೊಂಡು ಹೋದೆವು. ಅವರು ಕನ್ನಡಕವನ್ನು ತೆಗೆದು, ಉಗುರನ್ನು ದಂತದ ಅಂಚಿನ ಮೇಲೆ ಎಳೆದು ಬಹಳ ಹೊತ್ತು ಸುಮ್ಮನಿದ್ದರು. “ಇನ್ನೊಂದು ಸಲ ಉಜ್ಜಿದ್ದರೆ ಆನೆಯೂ ಹೋಗುತ್ತಿತ್ತು, ಮೇಷ್ಟ್ರೇ” ಎಂದರು. ಗೆರೆಗಳನ್ನು ಮತ್ತೆ ಕೊರೆದುಕೊಡಬಹುದೇ ಎಂದು ಕೇಳಿದೆವು. ಕೊರೆಯಬಹುದು, ಆದರೆ ಅದು ತಮ್ಮ ಆನೆಯಾಗುತ್ತದೆಯೇ ಹೊರತು ಆ ಕೆಲಸಗಾರನ ಆನೆಯಾಗುವುದಿಲ್ಲ, ಹಳೆಯ ಫೋಟೋ ಏನಾದರೂ ಇದ್ದರೆ ತನ್ನಿರಿ, ನೋಡೋಣ, ಎಂದರು. ಪೆಟ್ಟಿಗೆಗಳನ್ನೆಲ್ಲ ಹುಡುಕಿದೆವು. ನಮ್ಮ ಸೋದರತ್ತೆಯ ಮದುವೆಯ ಫೋಟೋ ಒಂದರಲ್ಲಿ ಟೀಪಾಯಿಯು ಸ್ಪಷ್ಟವಾಗಿಯೇ ಕಾಣುತ್ತದೆ. ಸುತ್ತಣ ಬಳ್ಳಿಯ ಎಲೆಗಳನ್ನು ಎಣಿಸಬಹುದು. ನಡುವೆ, ಆನೆಯು ಇರುವ ಕಡೆ, ಯಾರೋ ತಾಂಬೂಲದ ತಟ್ಟೆಯನ್ನು ಇಟ್ಟಿದ್ದಾರೆ.